ಅಂಗಿಯೊಳಗೆ ಬಿದ್ದ ಬಿಸಿ ತೋಟಾ: ಯಾವ ಕೋವಿ ವಾಸಿ, ಯಾವ ಬಟ್ಟೆ ವಾಸಿ?

ನಾನು ಎಡಚ. ಬರೆಯೋದು, ಕತ್ತಿ ಹಿಡಿಯೋದು, ಕೋವಿ ಹೆಗಲಿಗೆ ಕೊಡೋದು ಎಲ್ಲಾ ಎಡಗಡೆಯೇ. ಕೊಡಗಿನಲ್ಲಿ ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೊಡವರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಎಡಚರಿಗೆ ಕೋವಿ ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ. ಅದು ನನಗೆ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಕೊಡವರು ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ.

ನಾಟಿ ಮುಗಿದಿತ್ತು. ಬೆಳಿಗ್ಗೆ ಕೋವಿಗಳಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಆಗಿತ್ತು. ಕಡಂಬುಟ್ಟು, ಪಂದಿಕರಿ ಒಲೆಯ ಮೇಲಿದ್ದವು. ಊಟಕ್ಕೆ ಮುಂಚೆ ತೆಂಗಿನಕಾಯಿಗೆ ಗುಂಡು ಹೊಡೆಯೋಣ ಅಂತ ಗದ್ದೆ ಬದಿಗೆ ಹೋದೆವು. ಕಾಯಿ ಕಟ್ಟಿದ ಜಾಗದ ಹಿಂದೆ ಎತ್ತರದ ಮಣ್ಣಿನ ಬರೆ ಇದೆ, ಗುಂಡು ಆಚೆ ಹೋಗಲ್ಲ. ಅಣ್ಣನ ಸ್ನೇಹಿತರೊಬ್ಬರು ಸೆಮಿ ಆಟೋಮ್ಯಾಟಿಕ್ ಪಾಯಿಂಟ್ 22, ಅಂದರೆ ಸಣ್ಣ ಗುಂಡಿನ ರೈಫಲ್, ತಂದಿದ್ದರು. "ನೀನೂ ನಾಲ್ಕು ಹೊಡಿ" ಅಂತ ಕೈಗೆ ಕೊಟ್ಟರು. ನಾನು ಹಾಕಿದ್ದು ದುಂಡು ಕತ್ತಿನ ಟೀ ಶರ್ಟು.

ಮೂರನೇ ಗುಂಡಿಗೆ ಕತ್ತಿನ ಹತ್ತಿರ ಏನೋ ಚುರ್ ಅಂತು. ಹೆಜ್ಜೇನು ಅಂದುಕೊಂಡೆ. ಖಾಲಿ ತೋಟಾ, ಅಂದರೆ ಗುಂಡು ಹೋದಮೇಲೆ ಕೋವಿ ಹೊರಗೆಸೆಯುವ ಹಿತ್ತಾಳೆ ಚಿಪ್ಪು, ಟೀ ಶರ್ಟಿನೊಳಗೆ ಇಳಿದು ಎದೆಗೆ ಅಂಟಿಕೊಂಡು ಕೂತಿತ್ತು. ನಾನು ಕುಣಿದೆ, ನನ್ನ ಜೊತೆ ಕೋವಿಯೂ ಕುಣಿಯಿತು. "ಕೋವಿ! ಕೋವಿ!" ಅಂತ ಕೂಗುತ್ತಾ ಚಿಕ್ಕಪ್ಪ ಓಡಿಬಂದು ನಳಿಗೆಯನ್ನು ನೆಲಕ್ಕೆ ಒತ್ತಿ ಹಿಡಿದರು. ಅದರ ಬಾಯಿ ಆಗಲೇ ಅರ್ಧ ಸುತ್ತು ತಿರುಗಿ, ಅತ್ತಿಗೆಯೂ ಮಕ್ಕಳೂ ಕೂತಿದ್ದ ಕಡೆಗೆ ಹೊರಟಿತ್ತು. ಸೆಮಿ ಆಟೋಮ್ಯಾಟಿಕ್ ಅಂದರೆ ಹಳೇ ತೋಟಾ ಹೊರಗೆ ಹಾರಿ ಬೀಳುವಷ್ಟರಲ್ಲಿ ಹೊಸದು ಒಳಗೆ ಕೂತಾಗಿರುತ್ತೆ. ಟ್ರಿಗರ್ ಮೇಲೆ ನನ್ನ ಬೆರಳು ಇತ್ತೋ ಇಲ್ಲವೋ, ಇವತ್ತಿಗೂ ನನಗೆ ನೆನಪಿಲ್ಲ.

ಸುಟ್ಟಿದ್ದು ತುಂಬಾ ಚಿಕ್ಕ ಜಾಗ. ಕಾಳುಮೆಣಸಿನಷ್ಟು ಅಗಲದ ಅರ್ಧಚಂದ್ರ, ತೋಟಾದ ಬಾಯಿಯ ಅಚ್ಚು. ಅತ್ತೆ ಟೂತ್‌ಪೇಸ್ಟ್ ತಂದರು. ಬೇಡ ಅಂದು ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿದೆ. ಎರಡು ವಾರದಲ್ಲಿ ವಾಸಿಯಾಯಿತು. ಆದರೆ ಆ ಅರ್ಧ ಸುತ್ತು ಮನಸ್ಸಿನಿಂದ ಹೋಗಲಿಲ್ಲ. ಆಮೇಲೆ ಸಿಕ್ಕಿದ ಕೋವಿ, ಸಿಕ್ಕಿದ ಬಟ್ಟೆ ಎಲ್ಲಾ ಒಂದೊಂದಾಗಿ ಪ್ರಯೋಗ ಮಾಡಿ ನೋಡಿದೆ. ಯಾವುದು ಕಡಿಮೆ ಸುಡುತ್ತೆ ಅನ್ನೋದಕ್ಕಿಂತ, ಯಾವುದರಲ್ಲಿ ನಾನು ಕುಣಿಯದೆ ನಿಲ್ಲಬಲ್ಲೆ ಅನ್ನೋದೇ ನನ್ನ ಲೆಕ್ಕ.

ಮೊದಲು ಅದೇ ಸೆಮಿ ಆಟೋಮ್ಯಾಟಿಕ್. ಬಹುತೇಕ ಕೋವಿಗಳು ಖಾಲಿ ತೋಟಾವನ್ನು ಬಲಕ್ಕೆ ಎಸೆಯುತ್ತವೆ. ಬಲಗೈಯವರ ಮುಖ ಕೋವಿಯ ಎಡಗಡೆ ಇರುತ್ತೆ, ಹಾಗಾಗಿ ಅವರಿಗೆ ಏನೂ ಅನ್ನಿಸಲ್ಲ. ಎಡಚನ ಮುಖ ಇರೋದು ತೋಟಾ ಹಾರುವ ಬದಿಯಲ್ಲೇ. ಮುಂದೆ ಚಾಚಿದ ಬಲಗೈ ಕೂಡ ಅದರ ದಾರಿಯ ಕೆಳಗೇ ಇರುತ್ತೆ. ಐವತ್ತು ಗುಂಡು ಹೊಡೆದರೆ ಆರೇಳು ಸಲ ಮೊಣಕೈ ಮಡಿಕೆಗೆ ಬಂದು ಬೀಳುತ್ತಿತ್ತು. ಜೊತೆಗೆ, ಇದರಲ್ಲಿ ತೋಟಾ ಹೊರಬರುವುದು ಮದ್ದು ಉರಿದ ಮರುಕ್ಷಣವೇ. ತಣ್ಣಗಾಗಲು ಸಮಯವೇ ಇಲ್ಲ. ಪಾಯಿಂಟ್ 22ರ ಹಿತ್ತಾಳೆ ತೆಳು, ಉದ್ದ ಒಂದೂವರೆ ಸೆಂಟಿಮೀಟರ್ ಚಿಲ್ಲರೆ ಅಷ್ಟೇ. ಕೈಗೆ ತಾಗಿ ಹಾರಿಹೋದರೆ ಏನೂ ಆಗಲ್ಲ. ಬಟ್ಟೆಗೂ ಚರ್ಮಕ್ಕೂ ನಡುವೆ ಸಿಕ್ಕಿಕೊಂಡರೆ ಮಾತ್ರ ಸುಡುತ್ತೆ.

ಅಣ್ಣ ಇದಕ್ಕೊಂದು ಉಪಾಯ ಮಾಡಿದ. ಈರುಳ್ಳಿ ಚೀಲದ ಬಲೆ ಕತ್ತರಿಸಿ, ತಂತಿ ಬಗ್ಗಿಸಿ, ತೋಟಾ ಹಾರುವ ಕಂಡಿಯ ಪಕ್ಕ ಒಂದು ಚೀಲ ಕಟ್ಟಿದ. ನೋಡೋಕೆ ಚೆನ್ನಾಗಿತ್ತು. ಐದನೇ ಗುಂಡಿಗೆ ತೋಟಾ ಬಲೆಗೆ ಬಡಿದು ವಾಪಸ್ ಬಂದು ಕಂಡಿಯಲ್ಲೇ ಸಿಕ್ಕಿಕೊಂಡಿತು. ಜಾಮ್. ಅಂಗಡಿಯಲ್ಲಿ ಸಿಗುವ ಸರಿಯಾದ ಚೀಲ ಕೆಲಸ ಮಾಡಬಹುದು, ಈರುಳ್ಳಿ ಚೀಲ ಮಾಡಲ್ಲ.

ಬಲ ಹೆಗಲಿಗೆ ಕೊಟ್ಟು ಹೊಡೆಯೋದನ್ನೂ ಒಂದು ತಿಂಗಳು ಕಲಿತೆ. ತೋಟಾ ನನ್ನ ಹತ್ತಿರ ಬರಲಿಲ್ಲ, ಗುಂಡು ಕಾಯಿಯ ಹತ್ತಿರ ಹೋಗಲಿಲ್ಲ.

ಆಮೇಲೆ ಬೋಲ್ಟ್ ಆಕ್ಷನ್ ಪಾಯಿಂಟ್ 22. ನನ್ನ ಮಟ್ಟಿಗೆ ಗೆದ್ದಿದ್ದು ಇದೇ. ಗುಂಡು ಹಾರಿದ ಮೇಲೆ ನೀವು ಬೋಲ್ಟ್ ಎಳೆಯುವ ತನಕ ತೋಟಾ ಒಳಗೇ ಕೂತಿರುತ್ತೆ. ಆ ಎರಡು ಮೂರು ಸೆಕೆಂಡಿನಲ್ಲಿ ಅದರ ಬಿಸಿಯನ್ನು ಸುತ್ತಲಿನ ಉಕ್ಕು ಸುಮಾರಾಗಿ ಎಳೆದುಕೊಂಡಿರುತ್ತೆ. ಹೊರಗೆ ಬರುವಾಗ ಬೆಚ್ಚಗಿರುತ್ತೆ, ಚುರುಗುಟ್ಟಲ್ಲ. ಬೋಲ್ಟ್ ನಿಧಾನ ಎಳೆದರೆ ಹಾರುವುದೂ ಇಲ್ಲ, ಕೋವಿ ಪಕ್ಕದಲ್ಲೇ ಬೀಳುತ್ತೆ. ಎಳೆಯೋವಾಗ ಬೆರಳು ಟ್ರಿಗರ್ ಮೇಲೆ ಇರೋದಿಲ್ಲ ಅನ್ನೋದು ಇನ್ನೊಂದು ಲಾಭ. ತೋಟಾ ಎಲ್ಲಿ ಬಿದ್ದರೂ ಆ ಹೊತ್ತಿಗೆ ಹೊಸದು ಒಳಗೆ ಹೋಗಿರಲ್ಲ. ಎಡಚನಿಗೆ ಬೋಲ್ಟಿನ ಹಿಡಿ ತಪ್ಪು ಕಡೆ ಇರೋದು ನಿಜ. ಅಭ್ಯಾಸವಾಯಿತು.

ಮನೆಯ 12 ಬೋರ್ ಜೋಡು ನಳಿಗೆ ಅಜ್ಜನ ಕಾಲದ್ದು. ನಳಿಗೆಯನ್ನು ಬುಡದಲ್ಲಿ ಬಗ್ಗಿಸಿ ತೆರೆದರೆ ತೋಟಾ ಸ್ವಲ್ಪ ಮೇಲೇಳುತ್ತೆ ಅಷ್ಟೇ, ನಾವೇ ಎಳೆದು ತೆಗೀಬೇಕು. ಹಾರೋದೇ ಇಲ್ಲ ಅಂದಮೇಲೆ ಕತ್ತಿನೊಳಗೆ ಬೀಳೋ ಮಾತೇ ಇಲ್ಲ. ಎಡ, ಬಲ ಭೇದವೂ ಇಲ್ಲ. ಎಳೆಯುವಾಗ ಹಿಂದಿನ ಲೋಹದ ತಳ ಬಿಸಿ ಇರುತ್ತೆ, ಪ್ಲಾಸ್ಟಿಕ್ ಭಾಗ ಅಷ್ಟು ಬಿಸಿ ಇರಲ್ಲ. ಆದರೆ ಮೊದಲು ಕೈಗೆ ಸಿಗೋದು ಆ ತಳವೇ! ನಾನು ಕೋವಿಯನ್ನು ಮಣ್ಣಿನ ಬರೆ ಕಡೆಗೇ ಹಿಡಿದು ಹತ್ತು ಎಣಿಸಿ ತೆಗೀತೀನಿ.

ಭಾವನ ಹತ್ತಿರ ಎಜೆಕ್ಟರ್ ಇರುವ ಜೋಡು ನಳಿಗೆ ಇದೆ. ಅದನ್ನು ತೆರೆದ ತಕ್ಷಣ ಎರಡೂ ತೋಟಾ ಠಪ್ ಅಂತ ಹಿಂದಕ್ಕೆ ಹಾರುತ್ತವೆ. ಹೊಡೆದವನಿಗೆ ಆರಾಮ. ಹಿಂದೆ ನಿಂತು "ಬಿತ್ತಾ, ಬಿತ್ತಾ?" ಅಂತ ಇಣುಕುವವರಿಗೆ ಮಾತ್ರ ಅಲ್ಲ. ನಮ್ಮ ಭಾವ ತೆರೆಯುವಾಗ ತೋಟಾದ ಹಿಂದೆ ಅಂಗೈ ಅಡ್ಡ ಇಟ್ಟು ಹಿಡೀತಾರೆ. ಅವರ ಅಂಗೈ ಕಾಫಿ ಕೆಲಸದಿಂದ ಗಟ್ಟಿಯಾಗಿದೆ, ನನ್ನದು ಕೀಬೋರ್ಡ್ ಅಂಗೈ. ನಾನು ತೋಟದ ಕೆಲಸದ ದಪ್ಪ ಕೈಗವಸು ಹಾಕ್ಕೊಂಡೆ.

ಏರ್‌ಗನ್‌ಗೆ ತೋಟಾವೇ ಇಲ್ಲ, ಸುಡೋ ಪ್ರಶ್ನೆಯೂ ಇಲ್ಲ. ಮಕ್ಕಳಿಗೆ ಅದೇ ಸರಿ. ನಳಿಗೆಯ ಬಾಯಿಂದ ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿಯಲ್ಲೂ ತೋಟಾ ಇಲ್ಲ ನಿಜ, ಆದರೆ ಕೇಪು ಸಿಡಿಯುವಾಗ ಅದರ ಚೂರು, ಕಿಡಿ ಮುಖದ ಹತ್ತಿರವೇ ಹಾರುತ್ತೆ. ಅದು ಬೇರೆಯೇ ತಲೆನೋವು.

ಇನ್ನು ಬಟ್ಟೆ. ದುಂಡು ಕತ್ತಿನ ಟೀ ಶರ್ಟಿನ ಕಥೆ ಹೇಳಿಯಾಯಿತು. ಎರಡನೇದು, ಕತ್ತಿಗೆ ಸುತ್ತಿದ ಟವೆಲ್. ಎಲ್ಲರೂ ಕೊಡೋ ಸಲಹೆ ಇದೇ. ನನ್ನ ಅನುಭವದಲ್ಲಿ ಇದು ಟೀ ಶರ್ಟಿಗಿಂತ ಕೆಟ್ಟದ್ದು. ಟವೆಲಿನ ಮಡಿಕೆ ಬುಟ್ಟಿಯ ಹಾಗೆ. ತೋಟಾ ಬಂದು ಅಲ್ಲೇ ಕೂರುತ್ತೆ, ಕೊಡವಿದರೂ ಇಳಿಯಲ್ಲ. ಕಿವಿಯ ಕೆಳಗೆ ನನಗೆ ಎರಡನೇ ಅರ್ಧಚಂದ್ರ ಸಿಕ್ಕಿದ್ದು ಹಾಗೆ. ಆವತ್ತು ಕುಣಿಯಲಿಲ್ಲ ಅನ್ನೋದೊಂದೇ ಸಮಾಧಾನ. ಹಲ್ಲು ಕಚ್ಚಿ, ಬೆರಳು ತೆಗೆದು, ಸೇಫ್ಟಿ ಹಾಕಿ, ಕೋವಿಯನ್ನು ಬರೆ ಕಡೆಗೇ ಮುಖಮಾಡಿ ಬೆಂಚಿನ ಮೇಲಿಟ್ಟೆ. ಆಮೇಲೆ ಬೈದೆ.

ಕಾಲರ್ ಇರುವ ತುಂಬುತೋಳಿನ ಹತ್ತಿ ಶರ್ಟು, ಮೇಲಿನ ಗುಂಡಿಯವರೆಗೂ ಹಾಕಿದ್ದು. ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಸೆಪ್ಟೆಂಬರಿನ ಜಡಿ ಮಳೆಯ ನಡುವೆ ಬಿಸಿಲು ಬಂದರೆ ಸೆಖೆ ಜಾಸ್ತಿ, ಆದರೂ ಪರವಾಗಿಲ್ಲ. ತೋಳಿನ ಗುಂಡಿಯನ್ನೂ ಹಾಕಿ. ಎದೆಯ ಜೇಬು ಬಾಯಿ ತೆರೆದಿದ್ದರೆ ತೋಟಾ ಅಲ್ಲಿಗೂ ಬೀಳುತ್ತೆ.

ಟೋಪಿಯನ್ನು ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೆಂಗಳೂರಿನ ಒಂದು ಒಳಾಂಗಣ ರೇಂಜಿನಲ್ಲಿ ಪಕ್ಕದವರ ಪಿಸ್ತೂಲಿನ ತೋಟಾ ಅಡ್ಡಗೋಡೆಗೆ ತಾಗಿ ನನ್ನ ಕನ್ನಡಕದ ಮೇಲಂಚಿಗೆ ಬಿತ್ತು. ಕೂದಲೆಳೆಯಷ್ಟು ಈಚೆ ಬಿದ್ದಿದ್ದರೆ ಗಾಜಿಗೂ ಕಣ್ಣಿಗೂ ನಡುವೆ ಇಳಿಯುತ್ತಿತ್ತು. ಆಗ ಕನ್ನಡಕವೇ ಅದನ್ನು ಕಣ್ಣಿನ ಹತ್ತಿರ ಹಿಡಿದಿಡುತ್ತೆ. ಅವತ್ತಿನಿಂದ ಮುಂದೆ ಅಂಚಿರುವ ಟೋಪಿಯನ್ನು ಕನ್ನಡಕಕ್ಕೆ ತಾಗುವಷ್ಟು ಕೆಳಗೆ ಎಳೆದು ಹಾಕ್ತೀನಿ.

ಕಾಲಿಗೆ ಹವಾಯಿ ಚಪ್ಪಲಿ ಬೇಡ. ಗಂ ಬೂಟ್ ಒಳ್ಳೇದು ಅಂದುಕೊಂಡಿದ್ದೆ, ಜಿಗಣೆಯೂ ಹತ್ತಲ್ಲ ಅಲ್ವಾ? ಆದರೆ ಅದರ ಬಾಯಿ ಅಗಲ. ಒಂದು ತೋಟಾ ನೇರ ಒಳಗೆ ಹೋಯಿತು. ಗಂ ಬೂಟನ್ನು ಅವಸರದಲ್ಲಿ ಕಿತ್ತವರಿಗೆ ಗೊತ್ತು ಅದರ ಪಾಡು. ಹಾಕೋದೇ ಆದರೆ ಪ್ಯಾಂಟನ್ನು ಬೂಟಿನ ಹೊರಗೆ ಬಿಡಿ.

ಕೊನೆಯದಾಗಿ ಕುಪ್ಯ, ಕೊಡವರ ಸಾಂಪ್ರದಾಯಿಕ ಉದ್ದ ಅಂಗಿ. ಎದೆಯ ಮೇಲೆ ತೆರೆದ ಕತ್ತು, ಸೊಂಟಕ್ಕೆ ಬಿಗಿದ ಚೇಲೆ ಅನ್ನೋ ಪಟ್ಟಿ. ತೋಟಾ ಹಿಡಿಯೋಕೆಂದೇ ಹೊಲಿದ ಹಾಗಿದೆ, ಇದೇ ಎಲ್ಲಕ್ಕಿಂತ ಅಪಾಯ ಅಂತ ನನ್ನ ಲೆಕ್ಕವಿತ್ತು. ಕಳೆದ ಕೈಲ್ ಮುಹೂರ್ತಕ್ಕೆ ಬಿಳಿ ಶರ್ಟಿನ ಮೇಲೆ ಕುಪ್ಯ ಹಾಕಿ ಅದೇ ಸೆಮಿ ಆಟೋಮ್ಯಾಟಿಕ್ ಹಿಡಿದು ನಿಂತೆ. ಹತ್ತು ಗುಂಡು ಹೊಡೆದೆ. ಎಲ್ಲೋ ಒಂದು ಕಡೆ ಸ್ವಲ್ಪ ಬೆಚ್ಚಗಾದ ಹಾಗೆ ಇತ್ತು, ಅಷ್ಟೇ. ಕಾಯಿ ಒಡೆದಿದ್ದು ಅತ್ತಿಗೆ, ನಾನಲ್ಲ.

ರಾತ್ರಿ ಊಟ ಆದಮೇಲೆ ಚೇಲೆ ಬಿಚ್ಚಿದೆ. ಶರ್ಟಿಗೂ ಕುಪ್ಯಕ್ಕೂ ನಡುವಿನಿಂದ ಮೂರು ಖಾಲಿ ತೋಟಾ ಟಿಣ್, ಟಿಣ್, ಟಿಣ್ ಅಂತ ಕೆಂಪು ಸಿಮೆಂಟಿನ ನೆಲಕ್ಕೆ ಬಿದ್ದವು. ಅಣ್ಣನ ಮಗ ಓಡಿಬಂದು ಹೆಕ್ಕಿಕೊಂಡು, ಒಂದೊಂದನ್ನೇ ತುಟಿಗಿಟ್ಟು ಸೀಟಿ ಊದತೊಡಗಿದ. ಕಿತ್ತುಕೊಂಡು, ಬಾಯಿ ತೊಳೆಸಿ, ಮಲಗಿಸೋದರೊಳಗೆ ಹನ್ನೊಂದಾಯಿತು.