ಕಣ್ಣಿನ ಕಾನ್ಫೋಕಲ್ ಸ್ಕ್ಯಾನ್, ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿದ್ದು ಸಾರ್ಥಕ (5ಕ್ಕೆ 4 ಸ್ಟಾರ್)

ಅಡಿಕೆ ತೋಟದಲ್ಲಿ ಕೆಲಸ ಮಾಡೋರು ಇದನ್ನ ಓದ್ಲೇಬೇಕು. ನಮ್ಮ ಮಾವಂಗೆ ಸೋಗೆ ಎಳೆಯುವಾಗ ತುದಿ ಕಣ್ಣಿಗೆ ಹೊಡೆದು, ಕೆಂಪಾಗಿ, ಕರಿಗುಡ್ಡೆ ಮೇಲೆ ಬಿಳಿ ಕಲೆ ಬಂತು, ಶಿರಸಿ ಡಾಕ್ಟ್ರು ಫಂಗಸ್ ಇರ್ಬಹುದು ಅಂತ ಹುಬ್ಬಳ್ಳಿಗೆ ಬರ್ಕೊಟ್ರು, ಅಲ್ಲಿ ಕಾನ್ಫೋಕಲ್ ಮೈಕ್ರೋಸ್ಕೋಪಿ ಮಾಡಿದ್ರು.

ಮರಗಟ್ಟೋ ಡ್ರಾಪ್ಸ್ ಬಿಟ್ಟು, ಜೆಲ್ ಹಚ್ಚಿದ ಸಣ್ಣ ಪ್ಲಾಸ್ಟಿಕ್ ಕ್ಯಾಪ್ ಕಣ್ಣಿಗೆ ತಾಗಿಸ್ತಾರೆ, ಕೊಯ್ಯೋದು ಏನೂ ಇಲ್ಲ. ಲೇಸರ್ ಬೆಳಕಲ್ಲಿ ಕಾರ್ನಿಯಾ (ಕರಿಗುಡ್ಡೆ ಮೇಲಿನ ಪಾರದರ್ಶಕ ಪೊರೆ) ಪದರ ಪದರವಾಗಿ ಕಾಣ್ತದೆ, ಒಂದೊಂದು ಚಿತ್ರ 400 ಮೈಕ್ರಾನ್ ಅಗಲ, ಅಂದ್ರೆ ಅರ್ಧ ಮಿಲಿಮೀಟರೂ ಇಲ್ಲ. ಸ್ಕ್ರೀನಲ್ಲಿ ಬೂದು ಬಣ್ಣದ ಮಧ್ಯೆ ಬೆಳ್ಳಗಿನ ಗೆರೆಗಳು ಕವಲೊಡೆದು ಹಬ್ಬಿದ್ವು, ಇದೇ ಫಂಗಸ್ ನೋಡಿ ಅಂತ ಡಾಕ್ಟ್ರು ಬೆರಳಿಟ್ಟು ತೋರ್ಸಿದ್ರು, ಔಷಧಿ ಅವತ್ತೇ ಶುರು! ಕಲ್ಚರಲ್ಲಿ, ಅಂದ್ರೆ ಕಣ್ಣಿಂದ ಕೆರೆದ ಸ್ಯಾಂಪಲನ್ನ ಲ್ಯಾಬಲ್ಲಿಟ್ಟು ಬೆಳೆಸೋ ಪರೀಕ್ಷೇಲಿ, ಫಂಗಸ್ ಬೆಳೆದು ಗೊತ್ತಾಗೋಕೆ ದಿನಗಟ್ಲೆ ಬೇಕು.

ಆದ್ರೆ ಸ್ಕ್ಯಾನ್ ಆಯ್ತಲ್ಲ, ಕೆರೆದು ಸ್ಯಾಂಪಲ್ ತೆಗೆಯೋದು ಬೇಡ ಅನ್ಬೇಡಿ. ಯಾವ ಜಾತಿ ಫಂಗಸ್, ಯಾವ ಔಷಧಿಗೆ ಬಗ್ತದೆ ಅನ್ನೋದು ಚಿತ್ರದಲ್ಲಿ ತಿಳಿಯೋದಿಲ್ಲ, ಅದಕ್ಕೆ ಲ್ಯಾಬೇ ಬೇಕು. ಕಣ್ಣಿನ ಮೇಲೆ ಗಡ್ಡೆ ಬೆಳೆದು ಕ್ಯಾನ್ಸರ್ ಅನುಮಾನ ಇದ್ರೂ ಅಷ್ಟೇ, ತುಂಡು ತೆಗೆದು ಲ್ಯಾಬಲ್ಲಿ ನೋಡೋ ಬಯಾಪ್ಸಿ ರಿಪೋರ್ಟೇ ಕೊನೆ ಮಾತು. ಸ್ಕ್ಯಾನಿನ ದೊಡ್ಡ ಲಾಭ ಅಂದ್ರೆ ಗುಣ ಆಗ್ತಾ ಇದೆಯಾ ಅಂತ ಮತ್ತೆ ಮತ್ತೆ ನೋಡ್ಬಹುದು, ಪ್ರತಿ ಸಲ ತುಂಡು ತೆಗೆಯೋಕೆ ಆಗ್ತದಾ?

ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದು ಯಾಕಂದ್ರೆ ನೋಯೋ ಕಣ್ಣನ್ನ ಅಲುಗಾಡಿಸದೆ ಹಿಡಿಯೋದು ವಯಸ್ಸಾದೋರಿಗೆ ತುಂಬಾ ಕಷ್ಟ, ಮತ್ತೆ ಈ ಮಷಿನ್ ಎಲ್ಲಾ ಕಡೆ ಇಲ್ಲ. ಮೆಡಿಕಲಲ್ಲಿ ಕೇಳಿ ಸ್ಟೀರಾಯ್ಡ್ ಡ್ರಾಪ್ಸ್ ಮಾತ್ರ ಹಾಕ್ಬೇಡಿ ದಯವಿಟ್ಟು, ಫಂಗಸ್ ಇದ್ರೆ ಇನ್ನೂ ಜೋರಾಗ್ತದೆ.