ಕಾಲೇಜಿನಲ್ಲಿ ಪಾಠ ಮಾಡಲು ಹೊಸದಾಗಿ ಸೇರುವವರೇ, ‘ಲ್ಯಾಪ್‌ಟಾಪ್ ಮುಂದಿನ ವಾರ ಬರುತ್ತೆ’ ಅಂದರೆ ನಂಬಿ ಕೂರಬೇಡಿ

ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಜೂನ್‌ನಲ್ಲಿ ಕೆಲಸಕ್ಕೆ ಸೇರಿದವರಿಗೆ ಲ್ಯಾಪ್‌ಟಾಪ್ ಕೈಗೆ ಸಿಕ್ಕಿದ್ದು ನವೆಂಬರ್ ಕೊನೆಗೆ. ಅಷ್ಟರಲ್ಲಿ ಎರಡು ಇಂಟರ್ನಲ್ಸ್ (ಆಂತರಿಕ ಪರೀಕ್ಷೆ) ಮುಗಿದಿದ್ದವು. ಮಕ್ಕಳ ಅಂಕ, ಹಾಜರಾತಿ ಎಲ್ಲಾ ಅವರವರ ಸ್ವಂತ ಲ್ಯಾಪ್‌ಟಾಪ್‌ಗಳಲ್ಲಿ, ಪೆನ್‌ಡ್ರೈವ್‌ಗಳಲ್ಲಿ ಚದುರಿಹೋಗಿದ್ದವು.

ಮಾಲು ಸಿಗದೆ ತಡವಾಗಿದ್ದಲ್ಲ. ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್.ಪಿ. ರೋಡಿಗೆ ಹೋದರೆ ಲ್ಯಾಪ್‌ಟಾಪಿಗೇನೂ ಬರವಿಲ್ಲ. ತಡ ಆಗೋದು ಫೈಲಿನಲ್ಲಿ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಹಾಕಬೇಕು, ಪ್ರಿನ್ಸಿಪಾಲರ ಸಹಿ ಆಗಬೇಕು, ಮೂರು ಕೊಟೇಶನ್ ತರಿಸಬೇಕು, ಖರೀದಿ ಸಮಿತಿ ಕೂರಬೇಕು, ಮ್ಯಾನೇಜ್‌ಮೆಂಟ್ ಒಪ್ಪಬೇಕು, ಆಮೇಲೆ ಪರ್ಚೇಸ್ ಆರ್ಡರ್. ಕೊಟೇಶನ್ನಿನ ಬೆಲೆ ಕೆಲವೇ ವಾರ ನಿಲ್ಲುತ್ತದೆ. ಸಭೆ ಒಂದು ಸಲ ಮುಂದಕ್ಕೆ ಹೋದರೂ ಮತ್ತೆ ಮೂರು ಕೊಟೇಶನ್. ಒಬ್ಬ ಡೀಲರ್ 18% ಜಿಎಸ್‌ಟಿ ಸೇರಿಸಿ, ಇನ್ನೊಬ್ಬ ಬಿಟ್ಟು ಬರೆದರೆ ಹೋಲಿಕೆ ಪಟ್ಟಿ ತಪ್ಪಿ, ಅಕೌಂಟ್ಸ್‌ನಿಂದ ಫೈಲು ವಾಪಸ್. ಇಲ್ಲಿ ಅದು ಎರಡು ಸಲ ಆಯಿತು.

ಸರ್ಕಾರಿ ಕಾಲೇಜಾದರೆ ಇದರ ಮೇಲೆ ಸರ್ಕಾರಿ ಖರೀದಿಯ 1999ರ ಕೆಟಿಪಿಪಿ ಕಾಯ್ದೆ, ಟೆಂಡರು, ಹಣಕಾಸು ವರ್ಷ ಮುಗಿಯುವ ಮಾರ್ಚ್ 31ರ ಗಡುವು.

ನಿಜವಾಗಿ ಸಂಕಟ ಆಗೋದು ಡಬ್ಬಗಳು ಬಂದಿಳಿದ ಮೇಲಿನ ತಡಕ್ಕೆ. ಪರ್ಚೇಸ್ ಆರ್ಡರಿನಲ್ಲಿ ಬರೀ ‘ವಿಂಡೋಸ್ 11’ ಅಂತಿತ್ತು, ಬಂದದ್ದು ಮನೆ ಬಳಕೆಯ ಹೋಮ್ ಆವೃತ್ತಿ. ಹೋಮ್ ಇದ್ದರೆ ಕಾಲೇಜಿನ ಡೊಮೇನ್‌ಗೆ (ಐಟಿಯವರು ಒಂದೇ ಕಡೆಯಿಂದ ನಿರ್ವಹಿಸುವ ಜಾಲ) ಸೇರಿಸಲಾಗದು. ಪ್ರೊ ಲೈಸೆನ್ಸಿಗೆ ಇನ್ನೊಂದು ಇಂಡೆಂಟ್. ಐದು ವಾರ ಡಬ್ಬಗಳು ಸೀಲು ಒಡೆಯದೆ ಸ್ಟೋರಿನಲ್ಲಿ ಧೂಳು ತಿಂದವು. ವಾರಂಟಿ ಮಾತ್ರ ಇನ್‌ವಾಯ್ಸ್ ದಿನದಿಂದಲೇ ಓಡುತ್ತಿತ್ತು.

ಆದ್ದರಿಂದ ಸೇರಿದ ದಿನವೇ ‘ಲ್ಯಾಪ್‌ಟಾಪ್ ಯಾವಾಗ’ ಅಂತ ಕೇಳಬೇಡಿ, ಇಂಡೆಂಟ್ ನಂಬರ್ ಮತ್ತು ತಾರೀಖು ಕೇಳಿ. ನಂಬರ್ ಇಲ್ಲ ಅಂದರೆ ಫೈಲೇ ಹುಟ್ಟಿಲ್ಲ ಅಂತ ಅರ್ಥ. ಇಂಡೆಂಟಿನಲ್ಲಿ ‘ವಿಂಡೋಸ್ 11 ಪ್ರೊ, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಮೂರು ವರ್ಷ ಆನ್‌ಸೈಟ್ ವಾರಂಟಿ’ ಅಂತ ಬಿಡಿಸಿ ಬರೆಸಿ. ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, 8 ಜಿಬಿ ಬಂದರೆ ಆಮೇಲೆ ಹೆಚ್ಚಿಸಲು ಆಗದು.

‘ಸದ್ಯಕ್ಕೆ ಇದನ್ನ ಇಟ್ಕೊಳ್ಳಿ ಮೇಡಂ’ ಅಂತ ಹಳೇದು ಕೊಟ್ಟರೆ ಯಾವ ವಿಂಡೋಸ್ ಇದೆ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ಅಂಕಪಟ್ಟಿ ಇಡುವ ಜಾಗ ಅದಲ್ಲ. ಸ್ವಂತ ಲ್ಯಾಪ್‌ಟಾಪ್ ಬಳಸಲೇಬೇಕಾದರೆ ಎಚ್‌ಒಡಿಗೆ ಒಂದು ಇಮೇಲ್ ಹಾಕಿ, ಫೈಲುಗಳನ್ನು ಕಾಲೇಜಿನ ಖಾತೆಯ ಡ್ರೈವ್‌ನಲ್ಲೇ ಇಡಿ.

ಹೊಸದು ಕೈಗೆ ಬಂದಾಗ ಆತುರಕ್ಕೆ ನಿಮ್ಮ ಸ್ವಂತ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಬೇಡಿ. ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿ (ಬೀಗ ಬಿದ್ದು), ಅದನ್ನು ತೆರೆಯುವ 48 ಅಂಕಿಯ ರಿಕವರಿ ಕೀ ನಿಮ್ಮ ಖಾತೆಗೆ ಹೋಗಿ ಕೂರಬಹುದು. ಮುಂದೆ ಮದರ್‌ಬೋರ್ಡ್ ಬದಲಾಯಿಸಿದ ದಿನ ನೀಲಿ ಪರದೆ ಆ ಕೀ ಕೇಳುತ್ತದೆ, ಐಟಿಯವರ ಹತ್ತಿರ ಅದು ಇರುವುದಿಲ್ಲ.

ರಿಜಿಸ್ಟರಿಗೆ ಸಹಿ ಹಾಕುವ ಮೊದಲು ಲ್ಯಾಪ್‌ಟಾಪನ್ನು ಮಗುಚಿ, ತಳದ ಸೀರಿಯಲ್ ನಂಬರನ್ನು ರಿಜಿಸ್ಟರಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಅದೇ ನಂಬರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಮುಗಿಯುವ ದಿನ ತೋರಿಸುತ್ತದೆ. ಇನ್‌ವಾಯ್ಸಿಗಿಂತ ಹಿಂದಿನ ದಿನದಿಂದ ಲೆಕ್ಕ ಹಾಕಿದ್ದರೆ ಇನ್‌ವಾಯ್ಸ್ ಪ್ರತಿ ಕಳಿಸಿ ಸರಿಮಾಡಿಸಲು ಸ್ಟೋರಿನವರಿಗೆ ಅವತ್ತೇ ಬರೆದುಕೊಡಿ.