ಸುಲಭದ ನಡಿಗೆ ಅಂತಾರೆ, ಆದರೆ ಯಾರಿಗೆ? ನಂದಿ, ದೇವರಾಯನದುರ್ಗ, ಪಡುಬಿದ್ರಿ, ಹೊನ್ನಾವರ

ಬೆಂಗಳೂರಿನಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ‘ಈಸಿ ಟ್ರೆಕ್’ ಅಂತ ಓಡಾಡುವ ಪಟ್ಟಿಗಳಿವೆಯಲ್ಲ, ಅದರಲ್ಲಿರುವ ಮುಕ್ಕಾಲು ಜಾಗ ಈಸಿ ಅಲ್ಲ. ಇಪ್ಪತ್ತೈದರ ಹುಡುಗರಿಗೆ ಈಸಿ, ಅಷ್ಟೇ. ಕಡಿದಾದ ಬಂಡೆಯನ್ನೇ ಹತ್ತಬೇಕಾದ ಸಾವನದುರ್ಗವನ್ನೂ ಅದೇ ಪಟ್ಟಿಗೆ ಸೇರಿಸುತ್ತಾರೆ, ಏನು ಹೇಳೋಣ!

ನಮ್ಮ ಮನೆ ತಂಡ ಹೀಗಿದೆ. ಅಮ್ಮನಿಗೆ ಮಂಡಿನೋವು. ಹತ್ತೋದು ಹೇಗೋ ಹತ್ತುತ್ತಾರೆ, ಇಳಿಯುವಾಗ ಪ್ರಾಣ ಹೋಗುತ್ತದೆ. ಚಿಕ್ಕಪ್ಪನಿಗೆ ಸಣ್ಣವರಿದ್ದಾಗ ಪೋಲಿಯೊ ಬಂದು ಒಂದು ಕಾಲಲ್ಲಿ ಶಕ್ತಿ ಇಲ್ಲ. ಸ್ವಲ್ಪ ದೂರಕ್ಕೆ ಊರುಗೋಲು, ಜಾಸ್ತಿ ಆದರೆ ವೀಲ್‌ಚೇರ್. ಅಕ್ಕನ ಮಗಳು ಇನ್ನೂ ತಳ್ಳುಗಾಡಿಯಲ್ಲಿ. ಈ ಮೂರು ಜನರಿಗೂ ‘ಕಷ್ಟ’ ಅನ್ನೋದು ಬೇರೆ ಬೇರೆ. ಚಕ್ರಕ್ಕೆ ಒಂದೇ ಒಂದು ಮೆಟ್ಟಿಲು ಬಂದರೂ ಕಥೆ ಮುಗಿಯಿತು. ಅಮ್ಮನಿಗೆ ಮೆಟ್ಟಿಲಿಗಿಂತ ಉದ್ದದ ಇಳಿಜಾರು ನೋವು ಕೊಡುತ್ತದೆ. ಚಿಕ್ಕಪ್ಪ ಮಾತ್ರ “ಪಕ್ಕದಲ್ಲಿ ಹಿಡಿಯೋಕೆ ಕಂಬಿ ಇದ್ದರೆ ನಾಲ್ಕು ಮೆಟ್ಟಿಲು ನನಗೇನೂ ಅಲ್ಲಮ್ಮ, ಮರಳಿಗೆ ಮಾತ್ರ ಕರ್ಕೊಂಡು ಹೋಗಬೇಡ” ಅನ್ನುತ್ತಾರೆ. ಅದಕ್ಕೇ ಇಲ್ಲಿ ಎಷ್ಟು ಕಿಲೋಮೀಟರ್ ಅಂತ ಹೋಲಿಸಿಲ್ಲ. ಕಾಲ ಕೆಳಗೆ ಏನಿದೆ, ಸುಸ್ತಾದರೆ ಎಲ್ಲಿ ಕೂರೋದು, ಶೌಚಾಲಯ ಎಷ್ಟು ದೂರ, ಇಷ್ಟನ್ನೇ ನೋಡಿದ್ದೇನೆ.

ಮೊದಲು ಬೆಟ್ಟ. ನಂದಿ ಎಲ್ಲರಿಗೂ ಗೊತ್ತು. 1478 ಮೀಟರ್ ಎತ್ತರ, ಆದರೂ ಮೇಲಿನ ತನಕ ವಾಹನದ ರಸ್ತೆ ಇದೆ. ಹಾಗಾಗಿ ‘ಎಲ್ಲರೂ ಹೋಗಬಹುದಾದ ಬೆಟ್ಟ’ ಅಂತ ಹೆಸರು. ಅರ್ಧ ನಿಜ. ಮೇಲೆ ಹೋದಮೇಲೆ ಒಳಗಿನ ದಾರಿಗಳು ಸಮತಟ್ಟಾಗಿಲ್ಲ. ಏರುತ್ತವೆ, ಇಳಿಯುತ್ತವೆ, ಮತ್ತೆ ಏರುತ್ತವೆ. ವೀಲ್‌ಚೇರ್ ತಳ್ಳೋಕೆ ಒಬ್ಬರು ಸಾಲದು, ಇಳಿಯುವಾಗ ಹಿಂದಕ್ಕೆ ಜಗ್ಗಿ ಹಿಡಿಯೋಕೆ ಇನ್ನೊಬ್ಬರು ಬೇಕು, ಅಷ್ಟರಲ್ಲಿ ಕೋತಿ ಬಂದು ಕೈಲಿರುವ ಕವರ್ ಕಿತ್ತುಕೊಂಡು ಹೋದರೆ ಬೆನ್ನಟ್ಟೋಕೆ ಯಾರೂ ಉಳಿದಿರುವುದಿಲ್ಲ. ಯೋಗನಂದೀಶ್ವರನ ಗುಡಿಗೆ ಮೆಟ್ಟಿಲು ಹತ್ತಬೇಕು. ಅಮ್ಮ ಟಿಪ್ಪು ಡ್ರಾಪ್ ಅನ್ನುವ ಕಡಿದಾದ ಬಂಡೆಯಂಚಿನ ಕಡೆಗೆ ಹೋಗಿ ನೋಡಿದರು, ಖುಷಿಪಟ್ಟರು, ವಾಪಸ್ ಬರುವಾಗ ಮಾತೇ ಆಡಲಿಲ್ಲ. ಮಂಡಿ!

ಇನ್ನು ಆ ಸೂರ್ಯೋದಯದ ಗೀಳು. ಭಾನುವಾರ ಕತ್ತಲಲ್ಲೇ ಗೇಟಿನ ಮುಂದೆ ಕಾರುಗಳ ಸಾಲು. ಅಷ್ಟು ಕಾದು ಒಳಗೆ ಹೋದರೆ ಮಂಜಲ್ಲಿ ಪಕ್ಕದವರ ಮುಖವೇ ಕಾಣಲ್ಲ. ವಾರದ ನಡುವೆ, ಮಂಜು ಕರಗಿದ ಮೇಲೆ ಹೋದರೆ ಮರಗಳ ನೆರಳು ಇರುತ್ತದೆ, ಬೆಂಚು ಸಿಗುತ್ತದೆ, ಜನ ಕಡಿಮೆ.

ಆದರೆ ನಾನು ವೋಟು ಹಾಕೋದು ಬೆಟ್ಟದ ತುದಿಗಲ್ಲ, ಬುಡಕ್ಕೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ. ಒಂಬತ್ತನೇ ಶತಮಾನದಷ್ಟು ಹಳೆಯದು. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ, ಮೂರು ಗುಡಿ ಸಾಲಾಗಿ ನಿಂತಿವೆ. ಪುರಾತತ್ವ ಇಲಾಖೆ ನೋಡಿಕೊಳ್ಳುವ ಜಾಗ ಆದ್ದರಿಂದ ಹೊರಗಿನ ಹುಲ್ಲುಹಾಸು, ಕಾಲುದಾರಿ ಎಲ್ಲ ಚೊಕ್ಕ. ಅಂಗಳ ದೊಡ್ಡದು, ಕಲ್ಲು ಹಾಸು, ಮಟ್ಟವಾಗಿದೆ. ಮಂಟಪದ ಕಟ್ಟೆಗಳ ಮೇಲೆ ಎಲ್ಲಿ ಬೇಕಾದರೂ ಕೂರಬಹುದು. ಅಮ್ಮ ಒಂದು ಸುತ್ತು ಹಾಕಿ, ಕೂತು, ಇನ್ನೊಂದು ಸುತ್ತು ಹಾಕಿದರು, ಯಾರೂ ಬಲವಂತ ಮಾಡಿರಲಿಲ್ಲ. ಶೃಂಗಿ ತೀರ್ಥ ಅನ್ನುವ ಕಲ್ಯಾಣಿಯನ್ನು ಮೇಲಿಂದಲೇ ನೋಡಿದರೆ ಸಾಕು, ಇಳಿಯಬೇಕಿಲ್ಲ. ತಲೆ ಎತ್ತಿದರೆ ಎದುರಿಗೇ ನಂದಿಬೆಟ್ಟ. ಬೆಟ್ಟದ ಮೇಲೆ ನಿಂತರೆ ಬೆಟ್ಟ ಕಾಣಲ್ಲ ಅಲ್ವಾ!

ಕೊರತೆ ಎರಡು. ಹೊಸ್ತಿಲುಗಳು ಎತ್ತರ, ಚಕ್ರ ದಾಟಲ್ಲ, ಎತ್ತಿಯೇ ದಾಟಿಸಬೇಕು. ನಾವು ಕೇಳುವ ಮುಂಚೆಯೇ ಅಲ್ಲಿದ್ದ ಇಬ್ಬರು ಹುಡುಗರು ಬಂದು ಕೈ ಕೊಟ್ಟರು. ಇನ್ನೊಂದು, ಚಪ್ಪಲಿ ಬಿಡಬೇಕು, ಬಿಸಿಲೇರಿದರೆ ಕಲ್ಲು ಕಾದ ಕಾವಲಿ. ದಪ್ಪ ಸಾಕ್ಸ್ ಒಯ್ಯಿರಿ, ಇಲ್ಲವೇ ಬೆಳಗ್ಗೆ ಬೇಗ ಹೋಗಿ. ರೈಲಿನ ಆಸೆ ಇರುವವರಿಗೆ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ನಂದಿ ಹಾಲ್ಟ್ ಅನ್ನುವ ಹಳೇ ಕಾಲದ ಪುಟ್ಟ ಸ್ಟೇಷನ್ ಇದೆ. ನಮಗೆ ಚಿಕ್ಕಪ್ಪ ಇದ್ದಿದ್ದರಿಂದ ಕಾರೇ ಸರಿ.

ದೇವರಾಯನದುರ್ಗ ಇದಕ್ಕೆ ನೇರ ಪೈಪೋಟಿ. ತುಮಕೂರಿನ ಪಕ್ಕ, ಜಯಮಂಗಲಿ ಹುಟ್ಟುವ ಬೆಟ್ಟ. ದುರ್ಗದ ಮೇಲೆ ಯೋಗನರಸಿಂಹ, ಕೆಳಗೆ ಭೋಗನರಸಿಂಹ. ಮೇಲಿನ ಗುಡಿಗೆ ಮೆಟ್ಟಿಲು ಇದ್ದೇ ಇದೆ. ಅಮ್ಮ ನಿಧಾನಕ್ಕೆ ಹತ್ತಿದರು, ಚಿಕ್ಕಪ್ಪ ಭೋಗನರಸಿಂಹನಿಗೇ ಕೈಮುಗಿದು “ನಾನು ಕೆಳಗಿನ ಪಾರ್ಟಿ” ಅಂದರು. ನಡೆಯೋಕೆ ನಿಜವಾಗಿ ಚೆನ್ನಾಗಿರುವುದು ಹತ್ತಿರದ ನಾಮದ ಚಿಲುಮೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳೋಕೆ ನೀರು ಬೇಕಾಗಿ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅಂತ ಕಥೆ. ಬಂಡೆಯೊಳಗಿನ ಆ ಚಿಕ್ಕ ಗುಂಡಿಯಲ್ಲಿ ಇವತ್ತಿಗೂ ನೀರಿದೆ. ಸುತ್ತ ಮರಗಳು, ಮಣ್ಣಿನ ದಾರಿ, ಜಿಂಕೆಗಳ ಆವರಣ. ಮಗುವಿಗೆ ಜಿಂಕೆ ಬಿಟ್ಟು ಬರೋಕೇ ಮನಸ್ಸಿರಲಿಲ್ಲ. ತಳ್ಳುಗಾಡಿ ಬೇರು-ಕಲ್ಲುಗಳ ಮೇಲೆ ಕುಲುಕುತ್ತಾ ಹೋಗುತ್ತದೆ, ಆದರೆ ಹೋಗುತ್ತದೆ. ನೆರಳಿನ ವಿಷಯದಲ್ಲಿ ನಂದಿ ಗ್ರಾಮಕ್ಕಿಂತ ಇದೇ ಮುಂದೆ. ನೋಡೋಕೆ ಏನಿದೆ ಅಂದರೆ ಹಿಂದೆ.

ಅದೇ ತುಮಕೂರು ಕಡೆಯ ಶಿವಗಂಗೆ ಬೆಟ್ಟದ ಬಗ್ಗೆ ಒಂದೇ ಮಾತು: ಮೇಲೆ ಹೋದಷ್ಟೂ ಕಡಿದು, ಇಂಥ ತಂಡಕ್ಕೆ ಬೇಡ.

ಈಗ ಕಡಲು. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕಡಲತೀರ ಮಟ್ಟವಾಗಿರುತ್ತದೆ, ಹಾಗಾಗಿ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಣ ಮರಳಿನಲ್ಲಿ ಊರುಗೋಲು ಊರಿ ನೋಡಿ. ತುದಿ ಒಳಗೇ ಇಳಿಯುತ್ತದೆ, ಮೈಭಾರವೆಲ್ಲ ಭುಜಕ್ಕೆ. ವೀಲ್‌ಚೇರಿನ ಮುಂದಿನ ಸಣ್ಣ ಚಕ್ರಗಳಂತೂ ಹೂತೇ ಹೋಗುತ್ತವೆ. ದಾರಿ ಇರೋದು ಒಂದೇ, ಇಳಿತದ ಹೊತ್ತಿಗೆ ಹೋಗುವುದು. ನೀರು ಹಿಂದೆ ಸರಿದಾಗ ಬಿಟ್ಟುಹೋಗುವ ಒದ್ದೆ ಮರಳು ಗಟ್ಟಿ, ಅದರ ಮೇಲೆ ಗಾಡಿಯೂ ಉರುಳುತ್ತದೆ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ಹೊತ್ತು ದಿನಾ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ನೀರು ಜಾಸ್ತಿ ದೂರ ಸರಿಯುತ್ತದೆ. ದಡದಲ್ಲಿ ಬಲೆ ಬಿಡಿಸುತ್ತಾ ಕೂತವರನ್ನು ಕೇಳಿ, ಯಾವ ಆ್ಯಪ್‌ಗಿಂತಲೂ ಚೆನ್ನಾಗಿ ಹೇಳುತ್ತಾರೆ.

ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು, ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಅಂದರೆ ಚೊಕ್ಕ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. ಅದರಿಂದ ಲಾಭ ಏನಪ್ಪಾ ಅಂದರೆ ಶೌಚಾಲಯ, ಕೂರೋಕೆ ನೆರಳು, ಕಾವಲಿನವರು. ಅಂಗವಿಕಲರಿಗೆ ಅನುಕೂಲ ಇರಬೇಕು ಅನ್ನುವುದೂ ಆ ಮಾನದಂಡಗಳಲ್ಲಿ ಬರುತ್ತದೆ. ಪಡುಬಿದ್ರಿಯಲ್ಲಿ ಒಂದು ಕಡೆ ಕಾಮಿನಿ ಹೊಳೆ, ಇನ್ನೊಂದು ಕಡೆ ಸಮುದ್ರ. ನೋಟ ಬಲು ಚೆಂದ, ಅಚ್ಚುಕಟ್ಟು. ಹಾಸಿದ ದಾರಿಯ ಮೇಲೆ ಚಿಕ್ಕಪ್ಪ ಆರಾಮಾಗಿ ಬಂದರು. ಆ ದಾರಿ ಮುಗಿದಲ್ಲಿ ಮತ್ತೆ ಅದೇ ಮರಳು. ನಡಿಗೆ ಅನ್ನುವುದಕ್ಕಿಂತ ಕೂತು ನೋಡುವ ಜಾಗ.

ಮರವಂತೆಯನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. 66ನೇ ಹೆದ್ದಾರಿಯ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು, ಕಾರಿನ ಕಿಟಕಿಯಿಂದ ಅದ್ಭುತ. ಇಳಿದು ನಡೆಯೋಕೆ ಲಾರಿಗಳ ಭಯ. ಗೋಕರ್ಣದ ಓಂ ಬೀಚಿಗೆ ಮೆಟ್ಟಿಲಿಳಿಯಬೇಕು, ಇಳಿದ ಅಮ್ಮ ವಾಪಸ್ ಹತ್ತೋದು ಹೇಗೆ ಅಂತ ಕೇಳಿದರು, ಅಷ್ಟೇ.

ಕಾಸರಕೋಡು ಗೆದ್ದಿದ್ದು ಬೀಚಿನಿಂದಲ್ಲ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಿಂದ. ಶರಾವತಿ ಸಮುದ್ರ ಸೇರುವ ಹತ್ತಿರ ಅರಣ್ಯ ಇಲಾಖೆ ಈ ಕಾಡಿನೊಳಗೆ ಮರದ ಹಲಗೆಗಳ ನಡಿಗೆದಾರಿ ಮಾಡಿದೆ. ಏರಿಲ್ಲ, ಇಳಿಜಾರಿಲ್ಲ, ಮರಳಿಲ್ಲ. ಪಕ್ಕದಲ್ಲಿ ಚಿಕ್ಕಪ್ಪ ಕೇಳಿದ್ದ ಕಂಬಿಯೂ ಇದೆ. ಎರಡೂ ಬದಿಗೆ ಕಾಲೂರಿ ನಿಂತ ಹಾಗೆ ಕಾಣುವ ಬೇರುಗಳು, ಇಳಿತವಿದ್ದರೆ ಕೆಸರಲ್ಲಿ ಏಡಿಗಳ ಓಡಾಟ. ಉಪ್ಪು ನೀರಿನ ಕೆಸರಿನಲ್ಲಿ ಗಾಳಿ ಸಿಗಲ್ಲ, ಅದಕ್ಕೇ ಕೆಲವು ಗಿಡಗಳು ಬೇರನ್ನು ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಚಿಕ್ಕಪ್ಪ ಕಂಬಿ ಹಿಡಿದು ಇದನ್ನು ನೋಡುತ್ತಾ ನಿಂತುಬಿಟ್ಟರು, ನಾವೇ ಕರೆದುಕೊಂಡು ಬರಬೇಕಾಯಿತು. ಹಲಗೆಗಳ ಸಂದಿಗೆ ಸಣ್ಣ ಚಕ್ರ ಸಿಕ್ಕಿಕೊಳ್ಳಬಹುದು, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ತಳ್ಳಿ. ದಾರಿ ಅಗಲ ಇಲ್ಲ, ಶಾಲಾ ಪ್ರವಾಸದ ಮಕ್ಕಳು ಬಂದರೆ ಬದಿಗೆ ನಿಂತು ಕಾಯಬೇಕು.

ಅಲ್ಲಿಂದ ಅಪ್ಸರಕೊಂಡ ಹತ್ತಿರ. ಜಲಪಾತಕ್ಕೆ ಮೆಟ್ಟಿಲು, ಅದನ್ನು ಬಿಡಿ. ಮೇಲಿನ ಗುಡ್ಡದಿಂದ ಸಮುದ್ರ ಕಾಣುತ್ತದೆ, ಅದಕ್ಕೆ ಇಳಿಯಬೇಕಿಲ್ಲ. ಬೆಟ್ಟ, ಕಡಲು ಎರಡೂ ಒಂದೇ ಮಧ್ಯಾಹ್ನ ಬೇಕು ಅಂದರೆ ಇದೇ.

ಬೆಂಗಳೂರಿನಿಂದ ದೂರ, ಅದೇ ಹೊನ್ನಾವರದ ದೊಡ್ಡ ತೊಂದರೆ. ನಾವು ಪಂಚಗಂಗಾ ರೈಲಲ್ಲಿ ರಾತ್ರಿ ಮಲಗಿ ಬೆಳಗ್ಗೆ ಹೊನ್ನಾವರದಲ್ಲಿ ಇಳಿದೆವು. ಕೆಳಗಿನ ಬರ್ತು ಸಿಕ್ಕಿದರೆ ಘಾಟಿಯ ತಿರುವುಗಳಲ್ಲಿ ಕಾರಲ್ಲಿ ಕೂರುವುದಕ್ಕಿಂತ ಅಮ್ಮನ ಮಂಡಿಗೆ ಇದೇ ವಾಸಿ. ಅರ್ಧ ದಿನ ಮಾತ್ರ ಇದ್ದರೆ ನಂದಿ ಗ್ರಾಮ. ಸಣ್ಣ ಮಕ್ಕಳಿದ್ದರೆ ನಾಮದ ಚಿಲುಮೆ. ಎರಡು ರಾತ್ರಿ ಬಿಡುವಿದ್ದರೆ ಕಣ್ಣು ಮುಚ್ಚಿ ಹೊನ್ನಾವರ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ, ಮಳೆಗೆ ಹಲಗೆ ಪಾಚಿಗಟ್ಟಿ ಜಾರುತ್ತದೆ. ನವೆಂಬರ್ ಆದಮೇಲೆ, ಇಳಿತದ ಹೊತ್ತು ನೋಡಿಕೊಂಡು ಹೊರಡಿ.